ಅಪ್ಪನ ಸರ್ವಿಸ್ ಬುಕ್ಕಿನಲ್ಲಿ ಮೂರು ರಾಜ್ಯ: ಹಳೇ ಕಾಗದದ 'ರಾಜ್ಯ' ಓದುವುದು ಹೇಗೆ

ಗೋವಾದ ವಾಸ್ಕೋದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಬೋರ್ಡಿನ ಮೇಲೆ ಝೆರಾಕ್ಸ್, ಲ್ಯಾಮಿನೇಶನ್ ಅಂತ ಬರೆಸಿದ್ದೇನೆ. ಆದರೆ ಅಂಗಡಿ ನಡೆಯುವುದು ಅರ್ಜಿ ತುಂಬುವ ಕೆಲಸದಿಂದ. ಬಾಯ್ನಾ, ಝುವಾರಿನಗರ, ಮಾಂಗೋರ್ ಹಿಲ್ ಕಡೆಯಿಂದ ನಮ್ಮ ಜನ ಬರುತ್ತಾರೆ. ಬಾಗಲಕೋಟೆಯವರು, ವಿಜಯಪುರದವರು, ಗದಗದವರು, ಕೊಪ್ಪಳದವರು. ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು, ಅದರೊಳಗೆ ನಾಲ್ಕಾಗಿ ಮಡಚಿದ ಕಾಗದ. ಟೇಬಲ್ ಮೇಲೆ ಇಟ್ಟು, "ಅಕ್ಕಾರ, ನೀವ ನೋಡ್ರಿ, ನಮಗೇನ್ ತಿಳಿತೈತಿ" ಅಂತ ಕೂರುತ್ತಾರೆ.

ಹೆಸರು, ವಯಸ್ಸು, ವಿಳಾಸ ತುಂಬುವುದು ಏನೂ ಕಷ್ಟವಲ್ಲ. ತೊಡಕು ಬರುವುದು 'ರಾಜ್ಯ' ಅನ್ನುವ ಖಾನೆಯಲ್ಲಿ. ಒಂದು ಕಾಗದದಲ್ಲಿ 'ಬಾಂಬೆ ಸ್ಟೇಟ್' ಅಂತ ಇರುತ್ತದೆ. ಇನ್ನೊಂದರಲ್ಲಿ 'ಮೈಸೂರ್ ಸ್ಟೇಟ್'. ಮತ್ತೊಂದರಲ್ಲಿ 'ಹೈದರಾಬಾದ್ ಸ್ಟೇಟ್'. ಇಲ್ಲೇ ಹುಟ್ಟಿದವರದ್ದಾದರೆ 'ಗೋವಾ, ದಮನ್ ಆ್ಯಂಡ್ ದಿಯು'. ಇವತ್ತಿನ ರಾಜ್ಯಗಳ ಪಟ್ಟಿಯಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಕೌಂಟರಿನಲ್ಲಿ ಕೂತವರು ಕಾಗದವನ್ನು ಹಿಂದಕ್ಕೆ ತಳ್ಳುತ್ತಾರೆ.

ನಾನು ವಕೀಲಳಲ್ಲ. ಆದರೆ ಈ ಒಂದು ಖಾನೆಯಿಂದ ನನ್ನ ಮನೆಗೇ ಪೆಟ್ಟು ಬಿತ್ತು. ಅದಾದ ಮೇಲೆ ಕೂತು ಕಲಿತೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ರೋಣ ತಾಲೂಕಿನಲ್ಲಿ ತಲಾಠಿ ಆಗಿದ್ದರು. 1954ರಲ್ಲಿ ನೌಕರಿ ಸೇರಿ 1990ರಲ್ಲಿ ನಿವೃತ್ತರಾದರು. ಅಷ್ಟೂ ವರ್ಷ ತಾಲೂಕು ಬಿಟ್ಟು ಹೊರಗೆ ಹೋಗಲಿಲ್ಲ. ಆದರೂ ಅವರ ಸರ್ವಿಸ್ ಬುಕ್ಕಿನಲ್ಲಿ ಮೂರು ರಾಜ್ಯ ಇವೆ. ಮೊದಲ ಪುಟದಲ್ಲಿ, ಕಂದು ತಿರುಗಿದ ಶಾಯಿಯಲ್ಲಿ, 'ಬಾಂಬೆ ಸ್ಟೇಟ್, ಡಿಸ್ಟ್ರಿಕ್ಟ್ ಧಾರ್ವಾರ್'. 1957ರ ಇನ್‌ಕ್ರಿಮೆಂಟ್ ಸಾಲಿನ ಪಕ್ಕ ನೇರಳೆ ಬಣ್ಣದ ರಬ್ಬರ್ ಸ್ಟ್ಯಾಂಪು, 'ಗವರ್ನಮೆಂಟ್ ಆಫ್ ಮೈಸೂರ್'. 1974ಕ್ಕೆ ಬಂದರೆ ಕನ್ನಡದಲ್ಲೇ 'ಕರ್ನಾಟಕ ಸರ್ಕಾರ'. ತಲಾಠಿ ಅನ್ನುವುದು ಹೋಗಿ ಗ್ರಾಮ ಲೆಕ್ಕಿಗ ಆಗಿದೆ. ಇನ್ನು ಅವರ ಎಸ್‌.ಎಸ್‌.ಸಿ. ಸರ್ಟಿಫಿಕೇಟು ಪೂನಾ ಬೋರ್ಡಿನದು. ಬಾಂಬೆ ರಾಜ್ಯದ ಎಸ್‌.ಎಸ್‌.ಸಿ. ಬೋರ್ಡು ಆಗ ಇದ್ದದ್ದು ಅಲ್ಲಿ. ಅಪ್ಪ ಪುಣೆಯನ್ನು ಕಣ್ಣಿಂದ ನೋಡಿರಲಿಲ್ಲ.

2011ರಲ್ಲಿ ಅಪ್ಪ ಹೋದರು. ಅವ್ವನನ್ನು ವಾಸ್ಕೋಗೆ ಕರೆದುಕೊಂಡು ಬಂದೆ. ಫ್ಯಾಮಿಲಿ ಪೆನ್ಷನ್ ಇಲ್ಲಿಗೆ ಬದಲಿಸಬೇಕಿತ್ತು. ಒಂದು ಕಚೇರಿಯಲ್ಲಿ ಸರ್ವಿಸ್ ಬುಕ್ಕಿನ ಮೊದಲ ಪುಟ ನೋಡಿದವರೇ, "ಇದು ಬಾಂಬೆ ಸ್ಟೇಟ್ ಕೇಸು, ಮುಂಬೈಗೆ ಬರೆಯಿರಿ" ಅಂದುಬಿಟ್ಟರು. ನಾನೂ ದಡ್ಡಿ, ಬರೆದೆ. ಎರಡು ತಿಂಗಳಾದ ಮೇಲೆ ಒಂದು ಸಾಲಿನ ಉತ್ತರ ಬಂತು. ಈ ನೌಕರರ ದಾಖಲೆ ನಮ್ಮಲ್ಲಿ ಇಲ್ಲ. ಇರುವುದಾದರೂ ಹೇಗೆ, ಅಲ್ವಾ? ಅವ್ವ ಎಲೆಯಡಿಕೆ ಹಾಕಿಕೊಳ್ಳುತ್ತ, "ಊರ ಬಿಟ್ಟು ಊರಿಗೆ ಹೋಗದ ಮನಷ್ಯಾನ್ನ, ಸತ್ತ ಮ್ಯಾಲೆ ಈ ಮಂದಿ ದೇಶಾ ತಿರಗಸಾಕತ್ತಾರ ನೋಡು" ಅಂದಳು.

ಸರಿ, ಈಗ ಕೆಲಸಕ್ಕೆ ಬರೋಣ.

ಮೊದಲು ಇವತ್ತಿನ ನಕ್ಷೆಯನ್ನು ತಲೆಯಿಂದ ತೆಗೆದುಬಿಡಿ. ಕಾಗದದಲ್ಲಿ ತಾರೀಖು ಹುಡುಕಿ, ಆಮೇಲೆ ಜಿಲ್ಲೆ, ಆಮೇಲೆ ತಾಲೂಕು. ಮೂರನ್ನೂ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ರಾಜ್ಯದ ಹೆಸರನ್ನು ಕಡೆಗೆ ನೋಡಿ. ಹತ್ತು ಕಾಗದ ಇದ್ದರೆ ಹತ್ತನ್ನೂ ತಾರೀಖಿನ ಪ್ರಕಾರ ಜೋಡಿಸಿ. ನೆಲದ ಮೇಲೆ ಹರಡಿದರೆ ಇನ್ನೂ ಒಳ್ಳೆಯದು, ಫ್ಯಾನ್ ಮಾತ್ರ ಆರಿಸಿ. ತಾಲೂಕು ಯಾಕೆ ಬೇಕು ಅಂತ ಕೇಳಬೇಡಿ, ಮುಂದೆ ಕೊಡಂಗಲ್ ಕಾಕಾನ ಕಥೆ ಬರುತ್ತದೆ.

ಆಮೇಲೆ ಆ ತಾರೀಖಿನ ದಿನ ಆ ಊರು ಯಾರ ಕೈಯಲ್ಲಿತ್ತು ಅಂತ ನೋಡಬೇಕು. ನಮ್ಮ ಕಡೆಯವರಿಗೆ ದೊಡ್ಡ ತಾರೀಖು ಒಂದೇ, 1956ರ ನವೆಂಬರ್ 1. ಅದಕ್ಕಿಂತ ಹಿಂದಿನ ಕಾಗದವಾದರೆ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದ ಕಡೆಯದೆಲ್ಲ ಬಾಂಬೆ. ಅದರಲ್ಲೂ 1950ರ ಜನವರಿ 26ರಿಂದ ಬಾಂಬೆ 'ಸ್ಟೇಟ್'. ಅದಕ್ಕೆ ಮುಂಚೆ 'ಪ್ರಾವಿನ್ಸ್', ಇನ್ನೂ ಹಳೆಯದಾದರೆ 'ಪ್ರೆಸಿಡೆನ್ಸಿ'. ಮೂರೂ ಒಂದೇ ಜಾಗದ ಬೇರೆ ಬೇರೆ ಕಾಲದ ಹೆಸರು. ಗುಲ್ಬರ್ಗಾ, ರಾಯಚೂರು, ಬೀದರ್ ಹೈದರಾಬಾದಿನದು. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೆ ಇದ್ದದ್ದರಿಂದ ಅದೂ ಅಲ್ಲಿಯದೇ. ಮಂಗಳೂರು ಕಡೆ, ಕೊಳ್ಳೇಗಾಲ ಮದರಾಸಿನದು. ಕೊಡಗು ತಾನೇ ಒಂದು ಪುಟ್ಟ ರಾಜ್ಯ. ಬಳ್ಳಾರಿಯದು ಸ್ವಲ್ಪ ಬೇರೆ ಲೆಕ್ಕ. ಆಂಧ್ರ ರಾಜ್ಯ ಆದಾಗ, 1953ರ ಅಕ್ಟೋಬರ್ 1ಕ್ಕೆ, ಅದು ಮದರಾಸು ಬಿಟ್ಟು ಮೈಸೂರಿಗೆ ಬಂತು. ಹಾಗಾಗಿ 1954ರ ಬಳ್ಳಾರಿ ಕಾಗದದಲ್ಲಿ 'ಮೈಸೂರ್ ಸ್ಟೇಟ್' ಇದ್ದರೆ ಸರಿ. 1954ರ ಬಿಜಾಪುರದ ಕಾಗದದಲ್ಲಿ 'ಮೈಸೂರ್ ಸ್ಟೇಟ್' ಇದ್ದರೆ ಎಚ್ಚರ. ಅದು ಆಮೇಲೆ ಯಾರೋ ಮಾಡಿಕೊಟ್ಟ ನಕಲು ಇರಬೇಕು. ಮೂಲ ಕಾಗದ ಎಲ್ಲಿ ಅಂತ ಕೇಳಿ.

ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನವರ ಅಜ್ಜನ ಕಾಲದ ಕಾಗದ ಬಂದರೆ ಇನ್ನೊಂದು ಮೆಟ್ಟಿಲು ಇದೆ. ಇವೆಲ್ಲ ಸಂಸ್ಥಾನಗಳು. 1948ರಲ್ಲಿ ಬಾಂಬೆಗೆ ಸೇರಿದವು. ಮುಧೋಳದ ಒಬ್ಬರು ತಂದ ಕಾಗದದ ಮೇಲೆ ಸಂಸ್ಥಾನದ ಮುದ್ರೆ ಇತ್ತು. ಒಂದೇ ಮನೆತನದಲ್ಲಿ ಅಜ್ಜ ಮುಧೋಳ ಸಂಸ್ಥಾನ, ಅಪ್ಪ ಬಾಂಬೆ, ಮಗ ಮೈಸೂರು, ಮೊಮ್ಮಗ ಕರ್ನಾಟಕ, ಮರಿಮಗ ಗೋವಾ. ಮರಿಮಗನೊಬ್ಬನೇ ಊರು ಬಿಟ್ಟವನು.

1956ರ ನವೆಂಬರ್ 1ರಿಂದ 1973ರ ಅಕ್ಟೋಬರ್ 31ರ ತನಕ ಎಲ್ಲರದ್ದೂ 'ಮೈಸೂರ್ ಸ್ಟೇಟ್'. 1973ರ ನವೆಂಬರ್ 1ರಿಂದ ಕರ್ನಾಟಕ. ಇದು ಬರೀ ಹೆಸರಿನ ಬದಲಾವಣೆ, ಗಡಿ ಅಲುಗಲಿಲ್ಲ. ಆದರೆ ಇಲ್ಲಿನ ಕೌಂಟರುಗಳಲ್ಲಿ ಮೈಸೂರು ಅಂದರೆ ದಸರಾ ನಡೆಯುವ ಊರು ಅಂತ ಮಾತ್ರ ಗೊತ್ತು. "ಧಾರವಾಡ ಮೈಸೂರಿನಲ್ಲಿ ಹೇಗೆ ಬರುತ್ತೆ?" ಅಂತ ಕೇಳುತ್ತಾರೆ. ನಗಬೇಡಿ. ಕೆಲಸ ಆಗಬೇಕಾದ್ದು ನಮ್ಮದು.

ಜಿಲ್ಲೆಗಳ ಒಡೆತ ಇದರ ಮೇಲೆ. 1997ರಲ್ಲಿ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು. ಬಿಜಾಪುರದಿಂದ ಬಾಗಲಕೋಟೆ, ರಾಯಚೂರಿನಿಂದ ಕೊಪ್ಪಳ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು. ಆಧಾರಿನಲ್ಲಿ ಗದಗ, ಹಳೇ ಶಾಲೆ ಸರ್ಟಿಫಿಕೇಟಿನಲ್ಲಿ ಧಾರವಾಡ. ಎರಡೂ ಸರಿ.

ಇಷ್ಟು ನಿಮಗೆ ಗೊತ್ತಾದರೆ ಸಾಲದು. ಎದುರಿನವರಿಗೆ ತೋರಿಸಬೇಕು. ಬಾಯಿ ಮಾತಿಗೆ ಕೌಂಟರಿನಲ್ಲಿ ಬೆಲೆ ಇಲ್ಲ. ತೋರಿಸಬೇಕಾದ್ದು ಕಾಯ್ದೆ. ಇಂಡಿಯಾ ಕೋಡ್ ಅಂತ ಕೇಂದ್ರ ಸರ್ಕಾರದ ಜಾಲತಾಣ ಇದೆ, ಪುಕ್ಕಟೆ ಸಿಗುತ್ತದೆ. ಅದರಲ್ಲಿ 1956ರ ರಾಜ್ಯ ಪುನರ್‌ವಿಂಗಡಣಾ ಕಾಯ್ದೆ ಹುಡುಕಿ. ಆ ವರ್ಷದ 37ನೇ ಕಾಯ್ದೆ ಅದು. ನೂರಕ್ಕೂ ಮೇಲೆ ಕಲಮುಗಳಿವೆ, ಎಲ್ಲ ಓದಲು ಹೋದರೆ ಅಂಗಡಿ ಮುಚ್ಚಬೇಕಾಗುತ್ತದೆ. ನಮಗೆ ಬೇಕಾದ್ದು 7ನೇ ಕಲಂ. ಹೊಸ ಮೈಸೂರು ರಾಜ್ಯಕ್ಕೆ ಎಲ್ಲೆಲ್ಲಿಂದ ಏನೇನು ಬಂತು ಅನ್ನುವುದು ಅದರಲ್ಲಿದೆ. ಹಳೇ ಮೈಸೂರು, ಬಾಂಬೆಯಿಂದ ಚಂದಗಡ ತಾಲೂಕು ಬಿಟ್ಟು ಬೆಳಗಾವಿ ಜಿಲ್ಲೆ, ಜೊತೆಗೆ ಬಿಜಾಪುರ, ಧಾರವಾಡ, ಕೆನರಾ ಜಿಲ್ಲೆಗಳು. ಆಮೇಲೆ ಹೈದರಾಬಾದಿನಿಂದ, ಮದರಾಸಿನಿಂದ ಬಂದವು, ಕಡೆಗೆ ಕೊಡಗು. ಕಾಯ್ದೆಯಲ್ಲಿ 'ಕೆನರಾ' ಅಂದರೆ ಇವತ್ತಿನ ಉತ್ತರ ಕನ್ನಡ. ಸಿರ್ಸಿ, ಕುಮಟಾದವರು ಗಾಬರಿಯಾಗಬೇಡಿ.

ಕಾಯ್ದೆ ಓದುವಾಗ ಒಂದು ಪದವನ್ನು ಹಿಡಿದುಕೊಳ್ಳಿ, 'ಗೊತ್ತುಪಡಿಸಿದ ದಿನ'. ರಾಜ್ಯ ಮಾಡುವ ಕಾಯ್ದೆಗಳಲ್ಲೆಲ್ಲ ಇದು ಶುರುವಿನಲ್ಲೇ ಬರುತ್ತದೆ. ಸಂಸತ್ತು ಒಪ್ಪಿದ ದಿನ ಬೇರೆ, ರಾಷ್ಟ್ರಪತಿ ಸಹಿ ಹಾಕಿದ ದಿನ ಬೇರೆ, ರಾಜ್ಯ ಹುಟ್ಟಿದ ದಿನ ಬೇರೆ. ನಿಮ್ಮ ಕಾಗದದ ತಾರೀಖನ್ನು ಈ ಮೂರನೆಯ ದಿನದ ಜೊತೆ ಹೋಲಿಸಬೇಕು.

ಪೆನ್ಷನ್ ವಿಷಯಕ್ಕೆ 115ನೇ ಕಲಂ. ಬಾಂಬೆ, ಹೈದರಾಬಾದ್, ಮದರಾಸಿನ ನೌಕರರು ಹೊಸ ರಾಜ್ಯಕ್ಕೆ ಹಂಚಿಕೆಯಾದದ್ದು ಇದರ ಅಡಿಯಲ್ಲಿ. ಕೇಂದ್ರದ ಒಪ್ಪಿಗೆ ಇಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ ಅಂತಲೂ ಅಲ್ಲೇ ಇದೆ. ಇದನ್ನು ಓದಿದಾಗ ನನಗೆ ಅಪ್ಪನ ಆ ನೇರಳೆ ಸ್ಟ್ಯಾಂಪಿನ ಅರ್ಥ ಆಯಿತು. ಅದು ವರ್ಗಾವಣೆ ಅಲ್ಲ, ಹಂಚಿಕೆ. ಅಪ್ಪ ಕುರ್ಚಿ ಬಿಟ್ಟು ಏಳದೆ ಒಂದು ಸರ್ಕಾರದಿಂದ ಇನ್ನೊಂದಕ್ಕೆ ಹೋದರು.

119ನೇ ಕಲಂ ಕೂಡ ಒಂದು ಸಲ ನೋಡಿ, ಮಜವಾಗಿದೆ. ಗಡಿ ಬದಲಾದರೂ ಹಳೇ ಕಾನೂನು ಹಳೇ ಜಾಗದಲ್ಲಿ ಹಾಗೇ ನಡೆಯುತ್ತದೆ, ಹೊಸ ಶಾಸಕಾಂಗ ಬದಲಿಸುವ ತನಕ. ಅದಕ್ಕೇ ನಮ್ಮ ಕಡೆಯ ಎಷ್ಟೋ ದೇವಸ್ಥಾನದ ಕಾಗದಗಳಲ್ಲಿ, ಕರ್ನಾಟಕ ಆದಮೇಲೂ, 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ ಕಾಯ್ದೆಯ ಹೆಸರು ಕಾಣುತ್ತದೆ. ಅದು ತಪ್ಪಲ್ಲ.

ಈಗ ಕೊಡಂಗಲ್ ಕಾಕಾನ ಕಥೆ. ಎಪ್ಪತ್ತು ದಾಟಿದ ಮನುಷ್ಯ, ಕನ್ನಡ ತೆಲುಗು ಎರಡೂ ಕಲೆಸಿ ಮಾತಾಡುತ್ತಿದ್ದ. ಮಗ ಇಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ತಂದ ಕಾಗದದಲ್ಲಿ 'ಗುಲ್ಬರ್ಗಾ ಜಿಲ್ಲೆ, ಹೈದರಾಬಾದ್ ಸ್ಟೇಟ್'. ನಾನು ಗುಲ್ಬರ್ಗಾ ನೋಡಿದವಳೇ ಅರ್ಜಿಯಲ್ಲಿ 'ಕರ್ನಾಟಕ' ಅಂತ ಬರೆದುಬಿಟ್ಟೆ. ಅರ್ಜಿ ವಾಪಸ್ ಬಂತು. ಆಗ ಮತ್ತೆ 7ನೇ ಕಲಂ ತೆಗೆದೆ. ಗುಲ್ಬರ್ಗಾ ಜಿಲ್ಲೆ ಮೈಸೂರಿಗೆ ಬಂದದ್ದು ನಿಜ, ಆದರೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು. ಆ ಎರಡು ಆಂಧ್ರ ಪ್ರದೇಶಕ್ಕೆ ಹೋದವು. 2014ರ ಜೂನ್ 2ರಿಂದ ತೆಲಂಗಾಣ. ಕಾಕಾ ಹೈದರಾಬಾದಿನಲ್ಲಿ ಹುಟ್ಟಿ, ಆಂಧ್ರದಲ್ಲಿ ಬೆಳೆದು, ತೆಲಂಗಾಣದಲ್ಲಿ ಮುದುಕನಾದವನು. ಕರ್ನಾಟಕ ಅವನ ಬದುಕಿನಲ್ಲಿ ಬರಲೇ ಇಲ್ಲ. ನನ್ನ ಅರ್ಜಿಯಲ್ಲಿ ಮಾತ್ರ ಬಂದಿತ್ತು. ಆವತ್ತಿನಿಂದ ಕಾಯ್ದೆಯಲ್ಲಿ 'ಹೊರತುಪಡಿಸಿ' ಅನ್ನುವ ಪದ ಕಂಡರೆ ಅಲ್ಲೇ ಬೆರಳಿಟ್ಟು ನಿಲ್ಲುತ್ತೇನೆ. ಚಂದಗಡದವರದ್ದೂ ಹೀಗೇ. ಹಳೇ ಕಾಗದದಲ್ಲಿ ಬೆಳಗಾಂ ಜಿಲ್ಲೆ, ಈಗ ಕೊಲ್ಹಾಪುರ ಜಿಲ್ಲೆ. ಅವರಿಗೆ ಬಾಂಬೆ ಸ್ಟೇಟ್ ಮುಂದುವರಿದು, 1960ರ ಮೇ 1ಕ್ಕೆ ಮಹಾರಾಷ್ಟ್ರ ಆಯಿತು. ಕೌಂಟರಿನವರು ನಮ್ಮ ಅವ್ವನಿಗೆ ಹೇಳಿದ ಮಾತು ಚಂದಗಡದವರಿಗಾದರೆ ಸರಿಯಾಗುತ್ತಿತ್ತು.

ಗೋವಾದ ಕಾಗದಗಳ ವಿಷಯ ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಬೇಕು. 1961ರ ಡಿಸೆಂಬರ್ 19ಕ್ಕಿಂತ ಮುಂಚಿನದಾದರೆ ಕಾಗದ ಪೋರ್ಚುಗೀಸಿನಲ್ಲಿ ಇರುತ್ತದೆ. ಅದು ನನ್ನ ಕೈಲಾಗುವ ಕೆಲಸ ಅಲ್ಲ, ಮಡಗಾಂವ್‌ನಲ್ಲಿ ಭಾಷಾಂತರ ಮಾಡುವವರ ಹತ್ತಿರ ಕಳಿಸುತ್ತೇನೆ. ಅಲ್ಲಿಂದ ಮುಂದೆ 1987ರ ಮೇ 29ರ ತನಕ 'ಗೋವಾ, ದಮನ್ ಮತ್ತು ದಿಯು ಕೇಂದ್ರಾಡಳಿತ ಪ್ರದೇಶ'. ಮೇ 30ರಿಂದ ಗೋವಾ ರಾಜ್ಯ, ದೇಶದ 25ನೆಯದು. ಇದಕ್ಕೆ ತೋರಿಸಬೇಕಾದ್ದು 1987ರ ಗೋವಾ, ದಮನ್ ಮತ್ತು ದಿಯು ಪುನರ್‌ವಿಂಗಡಣಾ ಕಾಯ್ದೆ, ಆ ವರ್ಷದ 18ನೆಯದು. ಆನ್‌ಲೈನ್ ಅರ್ಜಿಗಳಲ್ಲಿ ಪಟ್ಟಿಯಿಂದ ಆರಿಸಬೇಕಾದಾಗ ಹುಡುಗರು ದಮನ್ ದಿಯು ಅನ್ನುವುದನ್ನು ನೋಡಿ ಒತ್ತಿಬಿಡುತ್ತಾರೆ, ಕಾಗದದಲ್ಲಿ ಹಾಗೇ ಇದೆಯಲ್ಲ ಅಂತ. ಒತ್ತಬೇಡಿ. ನೀವು ಹುಟ್ಟಿದ್ದು ಚಿಖಲಿಯಲ್ಲೋ ವಾಸ್ಕೋದಲ್ಲೋ ಆದರೆ ಗೋವಾ. ದಮನ್ ಇಲ್ಲಿಂದ ನೂರಾರು ಕಿಲೋಮೀಟರ್ ದೂರ, ಗುಜರಾತಿನ ಬಾಗಿಲಲ್ಲಿದೆ. 2020ರ ಜನವರಿ 26ರಿಂದ ಅದು ದಾದ್ರಾ ಮತ್ತು ನಗರ ಹವೇಲಿಯ ಜೊತೆ ಸೇರಿ ಒಂದೇ ಕೇಂದ್ರಾಡಳಿತ ಪ್ರದೇಶ ಆಗಿದೆ.

ನಡುವೆ 1967ರ ಜನವರಿ 16 ಅಂತ ಒಂದು ದಿನ ಇದೆ. ಕಾಗದಗಳಲ್ಲಿ ಅದರ ಗುರುತು ಇಲ್ಲ. ಆದರೆ ಆ ದಿನ ಬೇರೆ ಥರ ಆಗಿದ್ದರೆ ಇಲ್ಲಿನ ಎಲ್ಲ ಕಾಗದದ ಮೇಲೂ ಮಹಾರಾಷ್ಟ್ರ ಅಂತ ಇರುತ್ತಿತ್ತು. ಮಹಾರಾಷ್ಟ್ರಕ್ಕೆ ಸೇರಬೇಕಾ, ಕೇಂದ್ರದ ಕೈಕೆಳಗೇ ಇರಬೇಕಾ ಅಂತ ಜನರನ್ನು ಕೇಳಿದರು. ಸೇರಲು ಹೂವಿನ ಗುರುತು, ಬೇರೆ ಇರಲು ಎರಡು ಎಲೆಯ ಗುರುತು. ಎರಡು ಎಲೆಗೆ 1,72,191 ಮತ, ಹೂವಿಗೆ 1,38,170. ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರ ಪಕ್ಷ ವಿಲೀನದ ಪರ ಇತ್ತು, ಸೋತಿತು. ಅದೇ ವರ್ಷ ಮಾರ್ಚಿನ ಚುನಾವಣೆಯಲ್ಲಿ ಜನ ಅದೇ ಪಕ್ಷವನ್ನು ಗೆಲ್ಲಿಸಿದರು! ನಮ್ಮ ಅಂಗಡಿಯ ಮಾಲೀಕರಾದ ಮುದುಕಿಗೆ ಆಗ ಹದಿನೈದು ವರ್ಷವಂತೆ. "ದೋನ್ ಪಾನಾಂ" ಅಂತ ಎರಡು ಬೆರಳು ಎತ್ತಿ ತೋರಿಸುತ್ತಾಳೆ, ಬಾಡಿಗೆ ಕೇಳಲು ಬಂದಾಗಲೂ.

ಓಣಿಯ ಹುಡುಗನೊಬ್ಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ನೋಟ್ಸ್ ಝೆರಾಕ್ಸ್ ಮಾಡಿಸಲು ಬಂದವನು, "ಅಕ್ಕಾ, ಅಮೆರಿಕದಾಗ ಒಂದೊಂದು ರಾಜ್ಯಕ್ಕೂ ಬ್ಯಾರೆ ಸಂವಿಧಾನ ಐತಂತ. ಗೋವಾದ್ದು ಎಲ್ಲೈತಿ?" ಅಂದ. ಒಳ್ಳೆ ಪ್ರಶ್ನೆ. ಅಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ 1780ರ ಸಂವಿಧಾನ ಇವತ್ತಿಗೂ ನಡೆಯುತ್ತಿದೆ, ಅದು ಆ ದೇಶದ ಸಂವಿಧಾನಕ್ಕಿಂತ ಹಳೆಯದು. ಹೊಸ ಪ್ರದೇಶ ರಾಜ್ಯ ಆಗಬೇಕಾದರೆ ಏನು ಮಾಡಬೇಕು ಅಂತ ಅವರು 1787ರಲ್ಲೇ ಒಂದು ಕಟ್ಟಳೆ ಮಾಡಿದ್ದರು. ವಾಯುವ್ಯದ ಪ್ರದೇಶಗಳಲ್ಲಿ 60,000 ಸ್ವತಂತ್ರ ನಿವಾಸಿಗಳಾದರೆ, ತಾವೇ ಸಂವಿಧಾನ ಬರೆದುಕೊಂಡು ಒಕ್ಕೂಟಕ್ಕೆ ಸೇರಬಹುದು. 50ನೆಯದಾದ ಹವಾಯಿ 1959ರಲ್ಲಿ ಒಳಗೆ ಬಂದಾಗ ಅದರ ಕೈಯಲ್ಲೂ ಅದರದೇ ಸಂವಿಧಾನ ಇತ್ತು.

ನಮ್ಮಲ್ಲಿ ಹಾಗಲ್ಲ. ಮೈಸೂರು ಸಂಸ್ಥಾನಕ್ಕೂ ತನ್ನದೇ ಸಂವಿಧಾನ ಸಭೆ ಇತ್ತು, ಬೇರೆಯೇ ಬರೆದುಕೊಳ್ಳುವ ಮಾತಿತ್ತು. ಕಡೆಗೆ 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಅಂತ ಘೋಷಿಸಿದರು. ಮರುದಿನವೇ ದೆಹಲಿಯಲ್ಲಿ ಸಂವಿಧಾನ ಅಂಗೀಕಾರವಾಯಿತು. ಜಮ್ಮು ಮತ್ತು ಕಾಶ್ಮೀರಕ್ಕೆ ಮಾತ್ರ ಬೇರೆ ಸಂವಿಧಾನ ಇತ್ತು, 2019ರ ತನಕ. ಉಳಿದ ರಾಜ್ಯಗಳಿಗೆಲ್ಲ ಭಾರತದ ಸಂವಿಧಾನದ 6ನೇ ಭಾಗವೇ ಸಂವಿಧಾನ. ರಾಜ್ಯಪಾಲ, ಮಂತ್ರಿಮಂಡಲ, ವಿಧಾನಸಭೆ, ಹೈಕೋರ್ಟು ಎಲ್ಲ ಅಲ್ಲಿದೆ. ಗೋವಾ ಒಂದು ಸಾಲನ್ನೂ ಹೊಸದಾಗಿ ಬರೆದುಕೊಳ್ಳಬೇಕಾಗಿ ಬರಲಿಲ್ಲ.

ಆದರೆ ಒಂದು ಕಡೆ ಅಂಗಿ ದೊಡ್ಡದಾಯಿತು. 170ನೇ ವಿಧಿಯ ಪ್ರಕಾರ ವಿಧಾನಸಭೆಯಲ್ಲಿ ಕನಿಷ್ಠ 60 ಜನ ಇರಬೇಕು. ಇಷ್ಟು ಚಿಕ್ಕ ಗೋವಾಕ್ಕೆ 60 ಶಾಸಕರು ಎಲ್ಲಿಂದ? ಅದಕ್ಕೇ 56ನೇ ತಿದ್ದುಪಡಿ ತಂದು 371-ಐ ಅನ್ನುವ ವಿಧಿ ಸೇರಿಸಿದರು. ಗೋವಾದಲ್ಲಿ 30ಕ್ಕೆ ಕಡಿಮೆ ಇರಬಾರದು, ಅಷ್ಟೇ. ಕಾಯ್ದೆಯಲ್ಲಿ 40 ಕ್ಷೇತ್ರ ಮಾಡಿದರು. ಈಗಲೂ 40 ಇವೆ. ಸಿಕ್ಕಿಂ, ಮಿಜೋರಾಂ, ಅರುಣಾಚಲಕ್ಕೂ ಹೀಗೇ ಅಂಗಿ ಚಿಕ್ಕದು ಮಾಡಿದ್ದಾರೆ.

ಹುಡುಗನಿಗೆ ಇನ್ನೆರಡು ಮಾತು ಹೇಳಿದೆ, ಕೌಂಟರಿನಲ್ಲಿ ವಾದ ಬಂದರೆ ನಿಮಗೂ ಬೇಕಾಗುತ್ತದೆ. ಹೊರಗಿನ ನೆಲವನ್ನು ಒಳಗೆ ಸೇರಿಸಿಕೊಳ್ಳುವುದು 2ನೇ ವಿಧಿ. ಒಳಗಿರುವ ರಾಜ್ಯಗಳನ್ನು ಒಡೆಯುವುದು, ಕೂಡಿಸುವುದು, ಹೆಸರು ಬದಲಿಸುವುದು 3ನೇ ವಿಧಿ. 3ನೇ ವಿಧಿಗೆ ಸಂಸತ್ತಿನ ಸಾದಾ ಬಹುಮತ ಸಾಕು. ಮಸೂದೆಗೆ ರಾಷ್ಟ್ರಪತಿಗಳ ಶಿಫಾರಸು ಬೇಕು, ಆ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು. ಕೇಳಬೇಕು ಅಷ್ಟೇ, ಒಪ್ಪಲೇಬೇಕು ಅಂತಿಲ್ಲ. ಇದು ಗಟ್ಟಿಯಾದದ್ದು ಬಾಂಬೆಯ ವಿಷಯದಲ್ಲೇ. 1956ರ ಮಸೂದೆಯಲ್ಲಿ ಮೊದಲು ಮಹಾರಾಷ್ಟ್ರ, ಗುಜರಾತ್, ಮುಂಬೈ ನಗರ ಅಂತ ಮೂರು ಪಾಲು ಇತ್ತು. ಸಂಸತ್ತಿನಲ್ಲಿ ಅದು ಒಂದೇ ದೊಡ್ಡ ಬಾಂಬೆ ರಾಜ್ಯವಾಗಿ ಬದಲಾಯಿತು. ಬದಲಾದ ಮೇಲೆ ಮತ್ತೆ ನಮ್ಮನ್ನು ಕೇಳಲಿಲ್ಲ ಅಂತ ಬಾಬುಲಾಲ್ ಪರಾತೆ ಅನ್ನುವವರು ಕೋರ್ಟಿಗೆ ಹೋದರು. ಮತ್ತೆ ಕೇಳಬೇಕಾಗಿಲ್ಲ ಅಂತ 1959ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದರೂ ತೆಲಂಗಾಣ ಆಯಿತಲ್ಲ, ಅದೂ ಇದೇ ದಾರಿ. ನನಗೆ ಇದು ಸರಿ ಅನ್ನಿಸುವುದಿಲ್ಲ. ಮನೆ ಪಾಲು ಮಾಡುವಾಗ ಮನೆಯವರ ಮಾತಿಗೆ ಅಷ್ಟಾದರೂ ತೂಕ ಬೇಡವಾ? ಆದರೆ ಕಾನೂನು ಇರುವುದು ಹಾಗೆ.

ಈಗ ಕೌಂಟರಿಗೆ ಹೋಗುವ ತಯಾರಿ. ಕಾಯ್ದೆಯ ಮೊದಲ ಪುಟ ಒಂದು ಪ್ರಿಂಟು, ಬೇಕಾದ ಕಲಂ ಇರುವ ಪುಟ ಒಂದು. ಎರಡೇ ಹಾಳೆ. ಪೂರ್ತಿ ಕಾಯ್ದೆ ಒಯ್ದರೆ ಯಾರೂ ಓದುವುದಿಲ್ಲ. ನಿಮ್ಮ ಜಿಲ್ಲೆಯ ಹೆಸರಿಗೆ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಜೊತೆಗೆ ಒಂದು ಪತ್ರ. ಇಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಅದರ ತಿರುಳು ಇಷ್ಟು:

'ಲಗತ್ತಿಸಿದ ಕಾಗದದಲ್ಲಿ ಬಾಂಬೆ ರಾಜ್ಯ, ಧಾರವಾಡ ಜಿಲ್ಲೆ, ರೋಣ ತಾಲೂಕು ಎಂದಿದೆ. 1956ರ ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 7ನೇ ಕಲಮಿನ ಪ್ರಕಾರ 1-11-1956ರಿಂದ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದೆ. 1-11-1973ರಿಂದ ಆ ರಾಜ್ಯದ ಹೆಸರು ಕರ್ನಾಟಕ. 1997ರಿಂದ ರೋಣ ತಾಲೂಕು ಗದಗ ಜಿಲ್ಲೆಯಲ್ಲಿದೆ. ಆದ್ದರಿಂದ ಕಾಗದದಲ್ಲಿರುವ ಊರು ಮತ್ತು ಇವತ್ತಿನ ಕರ್ನಾಟಕದ ಗದಗ ಜಿಲ್ಲೆಯ ಊರು ಒಂದೇ.'

ಪ್ರತಿ ಸಾಲಿಗೆ ಒಂದು ತಾರೀಖು. ಕೋಪ ಬೇಡ, ಕಥೆ ಬೇಡ. ಎರಡು ಪ್ರತಿ ಮಾಡಿ, ಒಂದಕ್ಕೆ ಆವಕದ ಸಿಕ್ಕಾ, ಅಂದರೆ ಪತ್ರ ಮುಟ್ಟಿತು ಅನ್ನುವ ಮುದ್ರೆ, ಹಾಕಿಸಿಕೊಳ್ಳಿ. ಸಿಕ್ಕಾ ಬಿದ್ದ ಪತ್ರವನ್ನು ಸುಮ್ನೆ ಬದಿಗಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಅವ್ವನ ಕೇಸಿನಲ್ಲಿ ಈ ಪತ್ರ, ಎರಡು ಹಾಳೆ, ನೇರಳೆ ಸ್ಟ್ಯಾಂಪಿರುವ ಪುಟದ ನಕಲು ಇಟ್ಟೆ. ಅದೇ ಕೌಂಟರಿನಲ್ಲಿ ಐದು ನಿಮಿಷ ಓದಿದರು. "ಹೋ, ಹಾಗಾ" ಅಂದರು. ಬಾಕಿ ಸಮೇತ ಹಣ ಬಂತು.

ಅಫಿಡವಿಟ್ ಮಾಡಿಸಿ ಅಂತ ಕೆಲವರು ಹೇಳುತ್ತಾರೆ. ಹೆಸರಿನ ಕಾಗುಣಿತ ತಪ್ಪಿದ್ದರೆ ಅದು ಬೇಕಾಗಬಹುದು. ರಾಜ್ಯದ ಹೆಸರು ಬದಲಾದದ್ದಕ್ಕೆ ನೀವು ಯಾಕೆ ಪ್ರಮಾಣ ಮಾಡಬೇಕು? ಬದಲಿಸಿದ್ದು ಸಂಸತ್ತು, ಅದರ ಕಾಯ್ದೆಯೇ ಸಾಕ್ಷಿ. ಹಳೇ ಕಾಗದದ ಮೇಲೆ ಪೆನ್ನಿನಿಂದ 'ಕರ್ನಾಟಕ' ಅಂತ ತಿದ್ದುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಸರಿಯಿದ್ದ ಕಾಗದ ಆ ಕ್ಷಣದಿಂದ ಅನುಮಾನದ ಕಾಗದ ಆಗುತ್ತದೆ.

ಇನ್ನು ಲ್ಯಾಮಿನೇಶನ್. ಮೆಷಿನ್ ಇರುವುದು ನನ್ನ ಅಂಗಡಿಯಲ್ಲೇ, ಆದರೂ 1973ಕ್ಕಿಂತ ಹಳೇ ಕಾಗದ ತಂದರೆ ನಾನು ಮಾಡಿಕೊಡುವುದಿಲ್ಲ. ಬಿಸಿಗೆ ನೇರಳೆ ಸ್ಟ್ಯಾಂಪು ಹರಡುತ್ತದೆ, ಮುಂದೆ ಹೊಸ ಷರಾ ಬರೆಸಬೇಕಾದರೆ ಜಾಗ ಇರುವುದಿಲ್ಲ. ಒಂದು ಪಾರದರ್ಶಕ ಫೋಲ್ಡರಿನಲ್ಲಿ, ಮಡಚದೆ, ಹಾಗೇ ಇಡಿ. ಫೋಲ್ಡರು ನನ್ನಲ್ಲಿ ಹತ್ತು ರೂಪಾಯಿಗೆ ಸಿಗುತ್ತದೆ.